ಮಾರ್ದನಿ ಕಾಯಬೇಕು

ನಮ್ಮ ಹಾವೇರಿ ಸೀಮೆಯಲ್ಲಿ ಉರೂಸಿನ ಕವ್ವಾಲಿ ಇರಲಿ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಇರಲಿ, ಜಾತ್ರೆಯ ಭಜನೆ ಇರಲಿ, ಮೈಕ್ ಸೆಟ್ಟಿನವನಿಗೆ ಬರುವ ಮೊದಲ ಅಪ್ಪಣೆ ಒಂದೇ: "ಎಕೋ ಸ್ವಲ್ಪ ಜಾಸ್ತಿ ಬಿಡ್ರೀ." ದರ್ಗಾದ ಅಂಗಳದಲ್ಲಿ ಅದೇ ಮಾತು "ಭಾಯ್, ಎಕೋ ಜರಾ ಬಢಾವ್" ಎಂದಾಗುತ್ತದೆ. ಭಾಷೆ ಎರಡು, ಬೇಡಿಕೆ ಒಂದು. ಎಕೋ ಇಲ್ಲದ ದನಿ ನಮ್ಮ ಜನರಿಗೆ ಒಣ ರೊಟ್ಟಿಯಿದ್ದಂತೆ, ಗಂಟಲಲ್ಲಿ ಇಳಿಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಮಾರ್ದನಿ ಎಂಬ ಚೆಂದದ ಪದವಿದೆ. ಎದುರಿನಿಂದ ಉತ್ತರವಾಗಿ ಬರುವ ದನಿ ಅದು. ಉರ್ದುವಿನಲ್ಲಿ ಬಾಜ್‌ಗಶ್ತ್ ಎನ್ನುತ್ತಾರೆ. ಮರಳಿ ಬರುವುದು ಎಂದರ್ಥ. ಎರಡೂ ಶಾಲೆಗಳ ಮೆಟ್ಟಿಲು ಹತ್ತಿದ ನಮಗೆ ಎರಡೂ ಪದಗಳಲ್ಲಿ ಒಂದು ತಿಳಿವಳಿಕೆ ಕಾಣುತ್ತದೆ. ಉತ್ತರ ಬರಬೇಕಾದರೆ ಮೊದಲು ಮಾತು ಮುಗಿದಿರಬೇಕು. ಮರಳಿ ಬರಬೇಕಾದರೆ ಮೊದಲು ಹೋಗಿರಬೇಕು. ನಮ್ಮ ವೇದಿಕೆಗಳ ಮೇಲೆ ಇವತ್ತು ಕೆಟ್ಟಿರುವುದು ಈ ಸರದಿಯೇ.

ನಾವು ಎಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಾಲ್ಕೈದು ಜನ ಗೆಳೆಯರು. ಒಬ್ಬರು ಕತೆ ಬರೆಯುವವರು, ಒಬ್ಬರು ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದವರು, ಒಬ್ಬರು ಕವ್ವಾಲಿ ಪಾರ್ಟಿಯಲ್ಲಿ ಬ್ಯಾಂಜೊ ನುಡಿಸುವವರು, ಇನ್ನೊಬ್ಬರು ಮೈಕ್ ಸೆಟ್ಟಿನವರು. ಬ್ಯಾಂಜೊ ಎಂದರೆ ಅಮೆರಿಕದ ವಾದ್ಯವಲ್ಲ. ನಮ್ಮ ಕಡೆ ಬುಲ್‌ಬುಲ್ ತರಂಗಕ್ಕೆ ಆ ಹೆಸರು ಅಂಟಿಕೊಂಡಿದೆ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಮೊರಿತಾ ಗೊರೊ ಎಂಬವರು ಟೈಪ್‌ರೈಟರಿನಂಥ ಕೀಲಿಗಳಿಟ್ಟು ಮಾಡಿದ ತಂತಿವಾದ್ಯ ಟೈಶೊಗೊಟೊ; ಅದೇ ಹಡಗು ಹತ್ತಿ ಬಂದು ನಮ್ಮಲ್ಲಿ ಬುಲ್‌ಬುಲ್ ತರಂಗವಾಯಿತು. ತಂತಿಯ ಕೆಳಗೊಂದು ಪಿಕಪ್ ಕೂರಿಸಿ ಆಂಪ್ಲಿಫೈಯರಿಗೆ ಕೊಟ್ಟರೆ ಅದು ಎಲೆಕ್ಟ್ರಿಕ್ ಗಿಟಾರಿನ ಚಿಕ್ಕಪ್ಪನ ಮಗನಂತೆಯೇ ಕೂಗುತ್ತದೆ.

ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ದನಿ ಬಿರಿಯುತ್ತದೆ. ಗಿಟಾರಿನವರು ಇದನ್ನು ಓವರ್‌ಡ್ರೈವ್ ಎನ್ನುತ್ತಾರೆ. ನಮ್ಮ ಮೈಕ್ ಸೆಟ್ಟಿನವರು "ಸೌಂಡ್ ಒಡ್ಯಾಕ ಹತ್ತೈತಿ" ಎನ್ನುತ್ತಾರೆ. ಯಂತ್ರದ ಶಕ್ತಿಗೊಂದು ಮಿತಿಯಿದೆ. ಮಿತಿ ಮೀರಿ ಎದ್ದ ಅಲೆಯ ತಲೆಯನ್ನು ಅದು ಕತ್ತರಿಸಿಬಿಡುತ್ತದೆ. ದೊಡ್ಡ ಪೆಟ್ಟು ಮೊಟಕಾಗುತ್ತದೆ, ಸಣ್ಣ ಪೆಟ್ಟು ಹೆಚ್ಚುಕಡಿಮೆ ಅದರ ಸಮಕ್ಕೆ ಬಂದು ನಿಲ್ಲುತ್ತದೆ. ಇದು ಬರೀ ದೋಷವಲ್ಲ. ಒಡೆದ ದನಿಯಲ್ಲಿ ಒಂದು ಹಸಿವಿದೆ, ಒಂದು ಹಟವಿದೆ. 1951ರಲ್ಲಿ ಮೆಂಫಿಸ್ ನಗರದಲ್ಲಿ 'ರಾಕೆಟ್ 88' ಹಾಡನ್ನು ಮುದ್ರಿಸುವಾಗ ಗಿಟಾರಿನ ಆಂಪ್ಲಿಫೈಯರ್ ದಾರಿಯಲ್ಲಿ ಪೆಟ್ಟು ತಿಂದಿತ್ತಂತೆ. ಹಾಗೆಯೇ ನುಡಿಸಿದರು, ಆ ಒಡಕು ದನಿಯನ್ನೇ ಜನ ಮೆಚ್ಚಿದರು. ಮಣ್ಣಿನ ಅಂಗಳದಲ್ಲಿ ಚಾಪೆಯ ಮೇಲೆ ಕೂತು ಕೇಳುವ ನಮ್ಮ ಜನರಿಗೂ ಅದು ಪ್ರಿಯವೇ.

ಇನ್ನು ಎಕೋ. ಮೊದಮೊದಲು ಅದು ಟೇಪಿನ ಕೆಲಸವಾಗಿತ್ತು. ಒಂದು ತಲೆ ದನಿಯನ್ನು ಟೇಪಿಗೆ ಬರೆಯುತ್ತದೆ, ಸ್ವಲ್ಪ ಮುಂದಿರುವ ಇನ್ನೊಂದು ತಲೆ ಅದನ್ನು ಓದುತ್ತದೆ. ನಡುವಿನ ಅಂತರವೇ ವಿಳಂಬ. ಈಗ ಅಂಗೈಯಗಲದ ಪೆಡಲಿನಲ್ಲಿ, ಮಿಕ್ಸರಿನ ಒಂದು ಗುಂಡಿಯಲ್ಲಿ ಎಲ್ಲವೂ ಅಡಗಿದೆ. ಯಾವ ಯಂತ್ರವಾದರೂ ಅದರ ಗುಟ್ಟು ಮೂರೇ: ಎಷ್ಟು ಹೊತ್ತಿಗೆ ಮರಳಬೇಕು, ಎಷ್ಟು ಸಲ ಮರಳಬೇಕು, ಎಷ್ಟು ಜೋರಾಗಿ ಮರಳಬೇಕು.

ಒಡೆದ ದನಿ ಮತ್ತು ಎಕೋ ಬೇರೆಬೇರೆಯಾಗಿ ಎರಡೂ ಒಳ್ಳೆಯವೇ. ಜಗಳ ಹತ್ತುವುದು ಎರಡೂ ಕೂಡಿದಾಗ, ಅದೂ ಯಾವುದು ಮುಂದೆ ಯಾವುದು ಹಿಂದೆ ಎಂಬಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಇಳಿದ ಮೇಲೆ ಖಾಲಿಯಾದ ಒಂದು ಗೋದಾಮಿನಲ್ಲಿ ನಾವು ಇದನ್ನು ಪರೀಕ್ಷಿಸಿ ನೋಡಿದೆವು. ಖಾರದ ಧೂಳಿಗೆ ಸೀನುತ್ತ, ಕಣ್ಣೊರೆಸುತ್ತ ಒಂದಿಡೀ ಮಧ್ಯಾಹ್ನ ತಂತಿ ಮೀಟಿದೆವು.

ಮೊದಲು ಎಕೋ ಪೆಡಲ್, ಆಮೇಲೆ ಒಡೆಯುವ ಆಂಪ್ಲಿಫೈಯರ್ ಇಟ್ಟೆವು. ಪೆಡಲು ತನ್ನ ಪ್ರತಿಗಳನ್ನು ಒಂದಕ್ಕಿಂತ ಒಂದು ಮೆಲ್ಲಗೆ ಕಳಿಸುತ್ತದೆ, ನಿಜ. ಆದರೆ ಆಂಪ್ಲಿಫೈಯರ್ ದೊಡ್ಡದನ್ನು ಕತ್ತರಿಸಿ ಸಣ್ಣದನ್ನು ಎತ್ತುವುದರಿಂದ ಸಾಯಬೇಕಾದ ಪ್ರತಿ ಸಾಯುವುದಿಲ್ಲ. ಹೊಸ ಸ್ವರ ಬರುವಾಗ ಹಳೆಯದು ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಎರಡೂ ಒಟ್ಟಿಗೇ ಒಡೆದು, ಯಾರೂ ನುಡಿಸದ ಮೂರನೆಯ ಗಲಗಲ ದನಿ ಹುಟ್ಟುತ್ತದೆ. ಬ್ಯಾಂಜೊದವರು ಹಣೆ ಚಚ್ಚಿಕೊಂಡು, "ಏ ತಮ್ಮಾ, ನಾ ಹೊಡದದ್ದು ಒಂದ, ಕೇಳಾಕ ಹತ್ತಿದ್ದು ಹನ್ನೊಂದ" ಎಂದರು.

ಆಮೇಲೆ ಸರದಿ ತಿರುಗಿಸಿದೆವು. ವಾದ್ಯ ಮೊದಲು ಆಂಪ್ಲಿಫೈಯರಿನಲ್ಲಿ ಬೇಕಾದಷ್ಟು ಒಡೆಯಲಿ. ಅದರ ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟು, ಮಿಕ್ಸರಿಗೆ ತಂದು, ಎಕೋವನ್ನು ಅಲ್ಲಿ ಸೇರಿಸೋಣ ಎಂದೆವು. ಈಗ ಪ್ರತಿಯೊಂದು ಮರುದನಿಯೂ ಒಡೆದ ದನಿಯ ಸ್ವಚ್ಛ ನಕಲಾಯಿತು; ಒಂದೊಂದೇ ಮೆಟ್ಟಿಲಿಳಿದು ಕತ್ತಲಲ್ಲಿ ಕರಗಿತು. ಕೆಲವು ಗಿಟಾರ್ ಆಂಪ್ಲಿಫೈಯರುಗಳ ಬೆನ್ನಿಗೆ ಇದಕ್ಕೆಂದೇ ಎರಡು ತೂತುಗಳಿರುತ್ತವೆ. ಒಳಗಿನ ಮೊದಲ ಹಂತ ಒಡೆದ ಮೇಲೆ ದನಿ ಹೊರಗೆ ಬಂದು, ಪೆಡಲ್ ಸುತ್ತಿ, ಕೊನೆಯ ಹಂತಕ್ಕೆ ಮರಳುತ್ತದೆ. ಆದರೆ ಕೊನೆಯ ಹಂತವೇ ಒಡೆಯುತ್ತಿದ್ದರೆ ಆ ತೂತುಗಳಿಂದ ಪ್ರಯೋಜನವಿಲ್ಲ. ನಮ್ಮಲ್ಲಿ ಹೆಚ್ಚಾಗಿ ಒಡೆಯುವುದು ಅದೇ. ಹಾಗಾಗಿ ಮೈಕ್ ಇಡುವ ಉಪಾಯವೇ ಮೇಲು.

ಇದೇ ವೇದವಾಕ್ಯವೇನಲ್ಲ. ಯು2 ತಂಡದ ಗಿಟಾರ್ ವಾದಕ ಎಡ್ಜ್ ಎಕೋವನ್ನು ಆಂಪ್ಲಿಫೈಯರಿನ ಮುಂದೆಯೇ ಇಟ್ಟು ಜಗತ್ತನ್ನು ಗೆದ್ದವರು. ಆದರೆ ಅವರ ಆಂಪ್ಲಿಫೈಯರ್ ಸ್ವಲ್ಪವೇ ಒಡೆಯುತ್ತದೆ, ಅವರು ನುಡಿಸುವ ಸ್ವರಗಳೂ ಕಡಿಮೆ, ಮತ್ತು ಎಕೋ ಲಯಕ್ಕೆ ಕಟ್ಟಿದ್ದು. ನಿಮಿಷಕ್ಕೆ 120 ಪೆಟ್ಟು ಬಿದ್ದರೆ ಪೆಟ್ಟಿನಿಂದ ಪೆಟ್ಟಿಗೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು ಭಾಗ, 375ಕ್ಕೆ ಎಕೋ ಇಟ್ಟರೆ ಅದು ತಬಲಾದ ನಡುವಿನ ಪೆಟ್ಟಿನಂತೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ಕವ್ವಾಲಿಯಲ್ಲಿ ತೊಡಕೇನೆಂದರೆ, ಹಾಡು ಏರಿದಂತೆ ಲಯವೂ ಏರುತ್ತದೆ. 120 ಇದ್ದದ್ದು 150 ಆದರೆ ಪೆಟ್ಟಿನ ನಡುವಿನ ಹೊತ್ತು 400ಕ್ಕೆ ಇಳಿಯುತ್ತದೆ. ಸಂಜೆ ಇಟ್ಟ ಎಕೋ ಮಧ್ಯದಲ್ಲಿ ಹೆಜ್ಜೆ ತಪ್ಪುತ್ತದೆ. ಕಾಲಲ್ಲಿ ಲಯ ತಟ್ಟಿ ಹೇಳುವ ಗುಂಡಿಯಿರುವ ಪೆಡಲಿದ್ದರೆ ಸರಿ, ಇಲ್ಲದಿದ್ದರೆ ಹಾಡು ಏರಿದಾಗ ಎಕೋ ಇಳಿಸುವುದೇ ಜಾಣತನ.

ಗೋದಾಮಿನಲ್ಲಿ ಗೆದ್ದದ್ದು ಬಯಲಲ್ಲಿ ಸೋಲಬಹುದು. ರಾಣೆಬೆನ್ನೂರಿನ ಬೀದಿಯೊಂದರಲ್ಲಿ ಕಂಬದಿಂದ ಕಂಬಕ್ಕೆ ಹಾರ್ನ್ ಕಟ್ಟಿದ ಕಾರ್ಯಕ್ರಮಕ್ಕೆ ಹೋದಾಗ ಈ ಪಾಠ ಸಿಕ್ಕಿತು. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ. ತಂತಿಯಲ್ಲಿ ಹೋಗುವ ವಿದ್ಯುತ್ತಿಗೆ ಹೊತ್ತೇ ಬೇಡ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕೂತವರಿಗೆ ಪಕ್ಕದ ಹಾರ್ನ್ ಮೊದಲು ಕೂಗುತ್ತದೆ, ವೇದಿಕೆಯ ಪೆಟ್ಟಿಗೆಗಳ ದನಿ 300 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡರ ನಡುವಿನ ಅಂತರ 50 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಅದನ್ನು ಒಂದೇ ದನಿಯೆಂದು ಕೂಡಿಸಿಕೊಳ್ಳುತ್ತದೆ. ಅದನ್ನು ಮೀರಿತೋ, ಮಾತು ಎರಡಾಗತೊಡಗುತ್ತದೆ. ಅಂದರೆ ಬಯಲು ತನ್ನ ಎಕೋವನ್ನು ತಾನೇ ತಂದಿರುತ್ತದೆ. ಅದರ ಮೇಲೆ ನಾವು ಮತ್ತೊಂದು ಹೇರುತ್ತೇವೆ.

ಮೋಜೆಂದರೆ, ಈ ಕಾಯಿಲೆಗೆ ಔಷಧವೂ ವಿಳಂಬವೇ. ದೊಡ್ಡ ಸಭೆಗಳಲ್ಲಿ ದೂರದ ಸ್ಪೀಕರುಗಳಿಗೆ ಹೋಗುವ ದನಿಯನ್ನು ಬೇಕೆಂದೇ ತಡೆದು ಕಳಿಸುತ್ತಾರೆ. ವೇದಿಕೆಯ ದನಿ ಗಾಳಿಯಲ್ಲಿ ನಡೆದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಆ ಸ್ಪೀಕರೂ ಬಾಯಿ ತೆರೆಯುತ್ತದೆ. ಮಾತನ್ನು ಹನ್ನೊಂದು ಮಾಡುವ ಯಂತ್ರವೇ ಹನ್ನೊಂದನ್ನು ಒಂದು ಮಾಡಲೂ ಬಲ್ಲದು. ಎಲ್ಲಿ ಕಾಯಬೇಕು ಎಂಬುದು ಗೊತ್ತಿದ್ದರೆ ಸಾಕು.

ಕಾಯುವುದನ್ನು ನಮ್ಮ ಹಾಡುಗಾರಿಕೆ ಯಂತ್ರ ಬರುವ ಮುಂಚೆಯೇ ಬಲ್ಲದು. ಕವ್ವಾಲಿಯಲ್ಲಿ ಮುಂದಾಳು ಸಾಲು ಹೇಳುತ್ತಾರೆ, ಹಿಂದೆ ಕೂತವರು ಚಪ್ಪಾಳೆಯೊಂದಿಗೆ ಅದನ್ನು ಎತ್ತಿಕೊಳ್ಳುತ್ತಾರೆ. ಮೊಹರಮ್ಮಿನ ರಿವಾಯತ್ ಪದಗಳಲ್ಲೂ, ಭಜನೆಯಲ್ಲೂ ಇದೇ ಪದ್ಧತಿ. ಹಿಮ್ಮೇಳವೆಂದರೆ ಮನುಷ್ಯರ ಎಕೋ. ಅದು ಸಾಲು ಮುಗಿಯುವತನಕ ಬಾಯಿ ಮುಚ್ಚಿಕೊಂಡಿರುತ್ತದೆ. ಕೇಳುಗನಿಗೆ ಮೊದಲ ಸಲ ತಪ್ಪಿದ ಮಾತು ಎರಡನೆಯ ಸಲ ದಕ್ಕುತ್ತದೆ. ಮಾತನ್ನು ಮುಚ್ಚಲಿಕ್ಕಲ್ಲ, ಮುಟ್ಟಿಸಲಿಕ್ಕೆ ಹುಟ್ಟಿದ ಮಾರ್ದನಿ ಅದು.

ಇದು ಬರೀ ರುಚಿಯ ಪ್ರಶ್ನೆಯಲ್ಲ. ನಮ್ಮ ಜಿಲ್ಲೆಯ ಶಿಶುವಿನಹಾಳದ ಶರೀಫರು (1819–1889) ಗೋವಿಂದಭಟ್ಟರ ಶಿಷ್ಯರಾಗಿ ತತ್ವಪದ ಹಾಡಿದ ನೆಲವಿದು. ಉರೂಸಿನಲ್ಲಿ ಉರ್ದು ಬಾರದ ಗೌಡರೂ ಕುಂಬಾರರೂ ಕೂತಿರುತ್ತಾರೆ, ಭಜನೆಯಲ್ಲಿ ನಾವೂ ಕೂತಿರುತ್ತೇವೆ. ಅರ್ಧ ಗೊತ್ತಿರುವ ಭಾಷೆಯನ್ನು ಕಿವಿಗೊಟ್ಟು ಹಿಡಿಯುವವರಿಗೆ ಒಂದೊಂದು ಅಕ್ಷರವೂ ಬೆಲೆಯುಳ್ಳದ್ದು. ಎಕೋದಲ್ಲಿ ಮೊದಲು ಮುಳುಗುವುದು ವ್ಯಂಜನಗಳು. ಉಳಿಯುವುದು ಬರೀ ಆ, ಓ. ಪಕ್ಕದ ಮನೆಯವನ ಮಾತು ನಮಗೆ ಬರೀ ಗದ್ದಲವಾಗಿ ಕೇಳತೊಡಗಿದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆ?

ಹೊಟ್ಟೆಯ ಪ್ರಶ್ನೆಯೂ ಇದೆ. ಹಗಲು ಗ್ಯಾರೇಜಿನಲ್ಲಿ, ಮಾರುಕಟ್ಟೆಯಲ್ಲಿ ದುಡಿದು ರಾತ್ರಿ ವಾದ್ಯ ಹಿಡಿಯುವ ಹುಡುಗರ ಎಷ್ಟೋ ಕಾರ್ಯಕ್ರಮಗಳನ್ನು ಡಿ.ಜೆ. ಸೆಟ್ಟುಗಳು ನುಂಗಿವೆ. ಅವುಗಳೊಂದಿಗೆ ಗದ್ದಲದಲ್ಲಿ ಪೈಪೋಟಿಗಿಳಿದು ಗೆಲ್ಲುವುದು ಆಗದ ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಬೇಡವೆನ್ನುತ್ತವೆ. ಹಬ್ಬಗಳಿಗೆಂದು ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಇದ್ದ ಹೊತ್ತಿನಲ್ಲಿ, ಇದ್ದ ದನಿಯಲ್ಲಿ ನಮ್ಮ ಹುಡುಗರು ಕೊಡಬಹುದಾದದ್ದು ಡಿ.ಜೆ. ಕೊಡಲಾಗದ ಒಂದೇ ವಸ್ತು: ಎದುರು ಕೂತು ಹಾಡಿದ, ತಿಳಿಯುವ ಮಾತು.

ಆದ್ದರಿಂದ ನಮ್ಮ ಗೆಳೆಯರ ಗುಂಪು ಈಗ ಮೈಕ್ ಸೆಟ್ಟಿನವರಿಗೆ ಮೂರು ಮಾತು ಹೇಳುತ್ತದೆ. ಎಕೋ ತಂತಿಗೆ ಇರಲಿ, ಹಾಡುಗಾರನ ಮಾತಿಗೆ ಬೇಡ. ಒಡೆಯುವುದು ಮೊದಲು, ಮರಳುವುದು ಆಮೇಲೆ. ಮರಳಿದ್ದು ಎರಡು ಸಲ ಸಾಕು, ಮೂರನೆಯದು ಹಿಮ್ಮೇಳದವರ ಪಾಲು. ಒಬ್ಬ ಹಿರಿಯ ಮೈಕ್ ಸೆಟ್ಟಿನವರು ಇದನ್ನೆಲ್ಲ ಕೇಳಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಅಂದರು: "ಅಂದ್ರ ಎಕೋಗೂ ಸ್ವಲ್ಪ ತಾಳ್ಮಿ ಕಲಿಸ್ರಿ ಅಂತೀರಿ. ಆತು, ಕಲಸೋಣ ತಗೋರಿ."