ಹುಳಿಯೋ ಹುಲಿಯೋ?

ತಿನ್ನುವ ಪದಾರ್ಥಕ್ಕೂ ಅದರ ಹೆಸರಿಗೂ ಎಷ್ಟರ ನಂಟು? ಹೆಸರು ತಪ್ಪಾಗಿ ಹೇಳಿದ ಮಾತ್ರಕ್ಕೆ ಇಡ್ಲಿ ಕಲ್ಲಾಗುವುದಿಲ್ಲ. ಸರಿಯಾಗಿ ಹೇಳಿದ ಮಾತ್ರಕ್ಕೆ ಹಳಸಿದ ಸಾರು ಅಮೃತವಾಗುವುದೂ ಇಲ್ಲ. ಆದರೂ ಈ ವಿಷಯದಲ್ಲಿ ನಮ್ಮ ನಡವಳಿಕೆ ವಿಚಿತ್ರ. ಪರದೇಶದ ತಿಂಡಿಯ ಹೆಸರು ನಾಲ್ಕು ಜನರ ಮುಂದೆ ತಪ್ಪೀತೆಂದು ಬೆವರುತ್ತೇವೆ. ಮನೆಯ ತಿಂಡಿಯ ಹೆಸರು ಮಕ್ಕಳ ಬಾಯಲ್ಲಿ ಕೆಟ್ಟರೆ ‘ಎಷ್ಟು ಮುದ್ದಾಗಿ ಹೇಳುತ್ತೆ’ ಎಂದು ನಕ್ಕು ಸುಮ್ಮನಾಗುತ್ತೇವೆ.

ನಾನಿರುವುದು ಮಾನೇಸರದಲ್ಲಿ. ದಿಲ್ಲಿಯಿಂದ ಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮ ದಾಟಿದ ಮೇಲೆ, ಅರಾವಳಿ ಗುಡ್ಡಗಳ ಮಗ್ಗುಲಿಗೆ ಸಿಗುವ ಊರು. ಹಿಂದೆ ಹಳ್ಳಿ, ಈಗ ಕಾರು, ಮೋಟಾರ್ ಸೈಕಲ್ ಕಾರ್ಖಾನೆಗಳ ಪಟ್ಟಣ. 2020ರ ಕೊನೆಯಲ್ಲಿ ನಗರ ಪಾಲಿಕೆಯೂ ಆಯಿತು. ಒಂದೇ ಬೀದಿಯಲ್ಲಿ ಎಮ್ಮೆಯೂ ಉಂಟು, ‘ಗ್ರೀಕ್ ಯೋಗರ್ಟ್’ ಎಂದು ಬರೆದ ಪುಟ್ಟ ಡಬ್ಬಿಯೂ ಉಂಟು. ಆ ಡಬ್ಬಿಯ ಬೆಲೆಗೆ ಅದೇ ಎಮ್ಮೆಯ ಹಾಲಿನಲ್ಲಿ ಮನೆಮಂದಿಗೆಲ್ಲ ಸಾಲುವಷ್ಟು ಮೊಸರು ಹೆಪ್ಪು ಹಾಕಬಹುದೆಂಬುದು ನನ್ನಾಕೆಯ ಲೆಕ್ಕ. ಅದರೊಳಗಿರುವುದಾದರೂ ಏನು? ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಅಷ್ಟೆ. ಶ್ರೀಖಂಡ ಮಾಡುವ ಮನೆಗಳಿಗೆ ಇದು ಹೊಸದಲ್ಲ. ತಮಾಷೆಯೆಂದರೆ ‘ಯೋಗರ್ಟ್’ ಗ್ರೀಕ್ ಶಬ್ದವೇ ಅಲ್ಲ, ತುರ್ಕಿಯದು. ಗ್ರೀಕರು ಅದನ್ನು ‘ಯಾಉರ್ತಿ’ ಎನ್ನುತ್ತಾರೆ.

ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ಬಡ್ತಿಯಾದಾಗ ಗುರುಗ್ರಾಮದ ಮಾಲ್ ಒಂದರಲ್ಲಿ ಊಟ ಹಾಕಿಸಿದರು. ತಿಂಡಿಪಟ್ಟಿಯಲ್ಲಿ ಗ್ರೀಕ್ ತಿನಿಸುಗಳು. ಒಂದು ಹೆಸರನ್ನು ಒಬ್ಬರು ‘ಜೈರೋ’ ಎಂದರು, ಇನ್ನೊಬ್ಬರು ‘ಗೈರೋ’, ಮೂರನೆಯವರು ‘ಗಿರೋ’. ಬಡಿಸುವ ಹುಡುಗ ಮಾತ್ರ ಜಾಣ. ಪಟ್ಟಿಯ ಮೇಲೆ ಬೆರಳಿಟ್ಟು ‘ಇದಾ ಸಾರ್?’ ಎಂದು ಕೇಳಿ ಬರೆದುಕೊಂಡ. ಗ್ರೀಕರ ಬಾಯಲ್ಲಿ ಅದು ‘ಯೀರೋಸ್’. ‘ಗಾಮಾ’ ಎಂಬ ಅವರ ಅಕ್ಷರ ಇ, ಎ ಸ್ವರಗಳ ಮುಂದೆ ಬಂದರೆ ನಮ್ಮ ಯಕಾರದಂತೆ ಕೇಳಿಸುತ್ತದೆ. ಅರ್ಥ ‘ಸುತ್ತು’ ಎಂದು. ಸರಳಿಗೆ ಚುಚ್ಚಿದ ಮಾಂಸ ಬೆಂಕಿಯೆದುರು ಸುತ್ತುತ್ತದಲ್ಲ, ಅದಕ್ಕೆ. ತುರ್ಕಿಯ ‘ದೋನರ್’, ಅರಬ್ಬರ ‘ಶವರ್ಮಾ’ ಎರಡರ ಮೂಲದಲ್ಲೂ ಇದೇ ‘ತಿರುಗುವ’ ಅರ್ಥ. ಪದಾರ್ಥ ಒಂದೇ, ಅರ್ಥವೂ ಒಂದೇ, ಬಾಯಿ ಮಾತ್ರ ಮೂರು.

ನಾನು ತುಮಕೂರಿನಲ್ಲಿ ಬಿ.ಎಸ್‌ಸಿ. ಓದಿದವನು. ನಮಗೆ ಗ್ರೀಕ್ ಎಂದರೆ ತಿಂಡಿಯಲ್ಲ, ಭೌತಶಾಸ್ತ್ರ. ಆಲ್ಫಾ, ಬೀಟಾ, ಗಾಮಾ ಕಿರಣಗಳು, ಘರ್ಷಣೆಯ ‘ಮ್ಯೂ’, ವೃತ್ತದ ‘ಪೈ’. ಪ್ರಯೋಗಶಾಲೆಯಲ್ಲಿ ಗಂಭೀರವಾಗಿ ಉಚ್ಚರಿಸುತ್ತಿದ್ದ ಈ ಹೆಸರುಗಳೆಲ್ಲ ಇಂಗ್ಲೆಂಡಿನ ದಾರಿಯಿಂದ ಬಂದವು. ಇಂದಿನ ಗ್ರೀಕನಿಗೆ ಬೀಟಾ ‘ವೀತಾ’, ಮ್ಯೂ ‘ಮೀ’, ಪೈ ಬರಿಯ ‘ಪೀ’. ಹಾಗೆಂದು ನಮ್ಮ ಲೆಕ್ಕಗಳೇನೂ ಕೆಡಲಿಲ್ಲ. ಪೈ ಎಂದರೂ ಪೀ ಎಂದರೂ ವೃತ್ತ ದುಂಡಗೇ ಇರುತ್ತದೆ. ಹಾಗೆಯೇ ಅವರ ‘ಝಾಝೀಕಿ’. ಅದರ ಜಕಾರವನ್ನು ತೆಲುಗರೂ ಮರಾಠಿಗರೂ ಕೆಲವು ಶಬ್ದಗಳಲ್ಲಿ ಹೇಳುವಂತೆ ಹಲ್ಲಿನ ಹತ್ತಿರದಿಂದ ಹೊರಡಿಸಬೇಕು. ಬಟ್ಟಲಲ್ಲಿ ಬಂದಾಗ ನೋಡಿದರೆ ಸೌತೆಕಾಯಿಯ ಮೊಸರುಬಜ್ಜಿ! ಒಗ್ಗರಣೆಯ ಬದಲು ಬೆಳ್ಳುಳ್ಳಿ, ಆಲಿವ್ ಎಣ್ಣೆ.

ನಾವು ಅವರ ಶಬ್ದ ಕೆಡಿಸಿದೆವೆಂದು ನಾಚಬೇಕಾಗಿಲ್ಲ. ಅವರು ನಮ್ಮವನ್ನು ಮೊದಲೇ ಕೆಡಿಸಿದ್ದಾರೆ. ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ನಮ್ಮ ಬನವಾಸಿಯನ್ನು ‘ಬನಾಉಆಸಿ’ ಎನ್ನುವಂತೆ ಬರೆದ. ವಕಾರಕ್ಕೆ ಆಗ ಅವರಲ್ಲಿ ಅಕ್ಷರವಿರಲಿಲ್ಲ. ನಮ್ಮ ಹಿಪ್ಪಲಿ, ಅಂದರೆ ಪಿಪ್ಪಲಿ, ಹಡಗು ಹತ್ತಿ ಹೋಗಿ ಅವರಲ್ಲಿ ‘ಪೆಪೆರಿ’ ಆಯಿತು, ಲಕಾರ ರಕಾರವಾಯಿತು. ಅದೇ ರೋಮನರಲ್ಲಿ ‘ಪಿಪೆರ್’, ಇಂಗ್ಲಿಷರಲ್ಲಿ ‘ಪೆಪ್ಪರ್’. ದಾರಿಯಲ್ಲಿ ಹಿಪ್ಪಲಿಯ ಹೆಸರನ್ನು ಕಾಳುಮೆಣಸು ಹೊಡೆದುಕೊಂಡಿತು.

ಇನ್ನು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದ ಸಂಗತಿ ವಾಚಕರಲ್ಲಿ ಅನೇಕರಿಗೆ ಗೊತ್ತಿರಬೇಕು. 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು ಪ್ರಕಟಿಸಿದರು. ಹಿಂದೂ ಸಾಗರದ ತೀರದ ಒಬ್ಬ ರಾಜನ ಸೆರೆಯಲ್ಲಿದ್ದ ಕರಿಟಿಯಾನ್ ಎಂಬ ಗ್ರೀಕ್ ಹೆಣ್ಣು, ರಾಜನಿಗೂ ಅವನ ಜನಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಳ್ಳುವ ಅವಳ ಕಡೆಯವರು – ಇದು ಕಥೆ. ರಾಜನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ವಾದಿಸಿದರು. ಪಾತ್ರೆಗೆ ಮಧು ಹಾಕುವ ಮಾತನ್ನು ಅದರಲ್ಲಿ ಓದಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳ ಬೆನ್ನು ಹತ್ತಿದರು. ಬಾರ್ನೆಟ್ 1926ರಲ್ಲಿ ಇದು ಕನ್ನಡವಲ್ಲವೆಂದರು. ಚರ್ಚೆ ಇಂದಿಗೂ ತೀರ್ಮಾನವಾಗಿಲ್ಲ. ತೀರ್ಮಾನವಾಗದಿರುವುದಕ್ಕೆ ಒಂದು ಕಾರಣ ಈ ಉಚ್ಚಾರಣೆಯೇ. ಅದು ಕನ್ನಡವೇ ಆಗಿದ್ದರೂ, ಗ್ರೀಕ್ ಕಿವಿಯಲ್ಲಿ ಹೊಕ್ಕು ಗ್ರೀಕ್ ಅಕ್ಷರದಲ್ಲಿ ಹೊರಬಂದಾಗ ಹೆತ್ತವರೇ ಗುರುತಿಸಲಾರದಷ್ಟು ರೂಪ ಕೆಟ್ಟಿದೆ.

ದಿಲ್ಲಿಯ ಕಡೆ ನಮ್ಮ ತಿಂಡಿಗಳ ಪಾಡು ಇದಕ್ಕಿಂತ ಮೇಲೇನಲ್ಲ. ದೋಸೆ ‘ಡೋಸಾ’, ವಡೆ ‘ಬಡಾ’, ಸಾಂಬಾರು ‘ಸಾಂಭರ್’. ಸಾಂಭರ್ ಎಂಬುದು ನಿಜಕ್ಕೂ ನಮ್ಮೂರ ಹೆದ್ದಾರಿ ಹಿಡಿದು ಜಯಪುರ ದಾಟಿದರೆ ಸಿಗುವ ಉಪ್ಪಿನ ಸರೋವರ! ಕೆಲವು ಹೋಟೆಲುಗಳ ಸಾಂಬಾರಿನ ಉಪ್ಪು ನೋಡಿದರೆ ಹೆಸರು ಸರಿಯೇ ಅನ್ನಿಸುತ್ತದೆ. ಪ್ರತಿಯಾಗಿ ನಮ್ಮವರೂ ಸಾಲ ತೀರಿಸಿದ್ದಾರೆ. ಮಹಾಪ್ರಾಣ ನಮ್ಮ ನಾಲಿಗೆಗೆ ಭಾರ. ಘೀ ‘ಗೀ’, ಖೀರ್ ‘ಕೀರ್’, ಭಿಂಡಿ ‘ಬಿಂಡಿ’, ಛಾಛ್ ‘ಚಾಚ್’. ತರಕಾರಿ ಗಾಡಿಯವನು ಭಿಂಡಿಯನ್ನೇ ತೂಗಿ ಕೊಡುತ್ತಾನೆ, ನಾವು ದುಡ್ಡು ಕೊಡುತ್ತೇವೆ. ಯಾರಿಗೂ ನಷ್ಟವಿಲ್ಲ.

ನಷ್ಟವಿಲ್ಲವೆಂದೇ ನಾನೂ ತಿಳಿದಿದ್ದೆ, ನಮ್ಮ ಚಿಕ್ಕ ಮಗಳು ಮಾತಾಡಲು ಕಲಿತು ಶಾಲೆಗೆ ಸೇರುವವರೆಗೆ. ಅವಳು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್, ಮನೆಯಲ್ಲಿ ಕನ್ನಡ. ಪುಸ್ತಕದ ಹಿಂದಿಯಲ್ಲಿ ಳಕಾರವಿಲ್ಲ. ಎರಡು ವರ್ಷದಲ್ಲಿ ಅವಳ ಬಾಯಿಂದಲೂ ಅದು ಜಾರಿತು. ಬೇಳೆ ‘ಬೇಲೆ’ ಆಯಿತು. ಬಿಸಿಬೇಳೆಬಾತು ‘ಬಿಸಿ ಬೆಲೆ’ಯ ಬಾತಾಯಿತು. ಬೆಲೆಗಳು ಬಿಸಿಯಾಗಿರುವುದು ನಿಜವಾದ್ದರಿಂದ ನಾವು ನಕ್ಕೆವು. ತುಮಕೂರಿನಲ್ಲಿರುವ ನಮ್ಮ ತಾಯಿಗೆ ಎಪ್ಪತ್ತೆಂಟು ವರ್ಷ, ಕಿವಿ ಸ್ವಲ್ಪ ಮಂದ. ಪ್ರತಿ ಭಾನುವಾರ ಮೊಮ್ಮಗಳಿಗೆ ಫೋನು. ಒಂದು ಭಾನುವಾರ ‘ಏನು ಊಟ ಮಾಡಿದೆ ಕಂದಾ?’ ಎಂದು ಕೇಳಿದರು. ‘ಹುಲಿ ಅನ್ನ ಅಜ್ಜಿ. ನಂಗೆ ಹುಲಿ ಇಷ್ಟ’ ಎಂದಳು. ಅಜ್ಜಿ ಎರಡು ಸಲ ಕೇಳಿದರು, ಇವಳು ಎರಡು ಸಲವೂ ಹುಲಿಯನ್ನೇ ತಿಂದಳು. ಕೊನೆಗೆ ಅವರು ‘ನಿಮ್ಮಪ್ಪನಿಗೆ ಕೊಡಮ್ಮ’ ಎಂದರು.

ಆ ‘ನಿಮ್ಮಪ್ಪನಿಗೆ ಕೊಡಮ್ಮ’ ವಾರ ವಾರವೂ ಬೇಗ ಬೇಗ ಬರತೊಡಗಿತು. ಮೊದಲು ಹದಿನೈದು ನಿಮಿಷ ಹರಟುತ್ತಿದ್ದವರು ಎರಡು ನಿಮಿಷಕ್ಕೆ ಮುಗಿಸುತ್ತಿದ್ದರು. ಮಗುವಿಗೆ ತಾನು ಹೇಳಿದ್ದು ಅಜ್ಜಿಗೆ ತಿಳಿಯುವುದಿಲ್ಲವೆಂಬ ಸಂಕೋಚ. ಅಜ್ಜಿಗೆ ಕೇಳಿ ಕೇಳಿ ಮಗುವನ್ನು ನೋಯಿಸುವೆನೆಂಬ ಸಂಕೋಚ. ಒಂದು ಅಕ್ಷರದ ಅಂತರ ಎರಡು ಸಾವಿರ ಕಿಲೋಮೀಟರಿನ ಅಂತರವನ್ನು ಇನ್ನಷ್ಟು ಉದ್ದ ಮಾಡುತ್ತಿತ್ತು. ನನಗೆ ನಗು ನಿಂತದ್ದು ಆಗ.

ಸ್ನೇಹಿತರೊಬ್ಬರೊಡನೆ ಹೇಳಿಕೊಂಡೆ. ಅವರು ಓದಿದವರು. ‘ಭಾಷೆ ಬದಲಾಗುವುದೇ ಸ್ವಾಮಿ. ಹಳಗನ್ನಡದ ಪಾಲು ಹಾಲಾಯಿತು, ಪುಳಿ ಹುಳಿಯಾಯಿತು. ಬಾೞೆಯ ೞಕಾರ ಹೋಗಿ ಬಾಳೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ೞಕಾರದ ಶಬ್ದಗಳನ್ನು ಪಟ್ಟಿ ಮಾಡಿಟ್ಟರೂ ಅದು ಉಳಿಯಲಿಲ್ಲ. ನಿಮ್ಮ ತಾಯಿಯ ಶುದ್ಧ ಕನ್ನಡ ಪಂಪನ ಕಿವಿಗೆ ಅಶುದ್ಧ’ ಎಂದರು. ಮಾತು ಸತ್ಯ. ಆದರೆ ಪಾಲು ಹಾಲಾದಾಗ ನಾಡಿಗೆ ನಾಡೇ ಕೂಡಿ ನಡೆಯಿತು. ಅಜ್ಜಿಯೂ ಮೊಮ್ಮಗಳೂ ಒಂದೇ ಜಗಲಿಯಲ್ಲಿದ್ದರು, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಲೇ ಬದಲಾಯಿತು. ನಮ್ಮ ಮನೆಯಲ್ಲಿ ಆಗುತ್ತಿದ್ದುದು ಬದಲಾವಣೆಯಲ್ಲ, ಕಳಚಿಕೊಳ್ಳುವಿಕೆ. ಯೀರೋಸನ್ನು ಜೈರೋ ಎಂದರೆ ಅಥೆನ್ಸಿನಲ್ಲಿ ಯಾವ ಅಜ್ಜಿಯೂ ಫೋನು ಕೆಳಗಿಡುವುದಿಲ್ಲ.

ಉಪಾಯ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ನಾವಿರುವ ಬೀದಿಯ ಕೊನೆಯಲ್ಲಿ ಹಳೆಯ ಹಳ್ಳಿಯವರ ಮನೆ. ಅಲ್ಲಿನ ಹಿರಿಯ ಹೆಂಗಸನ್ನು ಬೀದಿಯ ಮಕ್ಕಳೆಲ್ಲ ‘ತಾಈ’ ಎನ್ನುತ್ತಾರೆ. ಈ ಸೀಮೆಯಲ್ಲಿ ಹಾಗೆಂದರೆ ದೊಡ್ಡಮ್ಮ. ನಮ್ಮ ಕಿವಿಗೆ ತಾಯಿಯೆಂದೇ ಕೇಳುತ್ತದೆ. ಹಾಲು ತರಲು ನನ್ನೊಡನೆ ಬಂದಿದ್ದ ಮಗಳಿಗೆ ಆಕೆ ತಮ್ಮ ಎಮ್ಮೆಯನ್ನು ತೋರಿಸಿ ‘ಕಾಳೀ’ ಎಂದರು. ‘ಕಾಲೀ’ ಅಲ್ಲ, ಅಚ್ಚ ಳಕಾರದ ಕಾಳೀ. ಒಲೆಯ ಮೇಲೆ ಬೇಯುತ್ತಿದ್ದುದು ‘ದಾಳ’. ಹರಿಯಾಣದ ಹಳ್ಳಿಯ ಮಾತಿನಲ್ಲಿ ಳಕಾರ ಇಂದಿಗೂ ಜೀವಂತ. ರಾಜಸ್ಥಾನಿ, ಗುಜರಾತಿ, ಮರಾಠಿ, ಒಡಿಯಾ, ಪಂಜಾಬಿಗಳಲ್ಲೂ ಉಂಟು. ಋಗ್ವೇದದ ಮೊದಲ ಋಕ್ಕಿನಲ್ಲೇ ಉಂಟು. ಇಲ್ಲದಿರುವುದು ಶಾಲೆಯ ಪುಸ್ತಕದ ಹಿಂದಿಯಲ್ಲಿ. ಶಾಲೆಯ ಮಕ್ಕಳು ಅದನ್ನು ಹಳ್ಳಿಗರ ಮಾತೆಂದು ಆಡಿಕೊಳ್ಳುವುದನ್ನು ನಮ್ಮ ಮಗಳೂ ಕೇಳಿದ್ದಳು. ಅವಳ ನಾಲಿಗೆ ಹಿಂಜರಿದದ್ದಕ್ಕೆ ಇದೂ ಒಂದು ಕಾರಣವಿರಬೇಕು. ‘ತಾಈ ಹೇಳುವ ದಾಳದಲ್ಲಿರುವುದೇ ಅಜ್ಜಿಯ ಬೇಳೆಯಲ್ಲೂ ಇದೆ’ ಎಂದೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಕಿಸುವುದನ್ನು ಕನ್ನಡಿಯ ಮುಂದೆ ತೋರಿಸಿದೆ. ಹಾಲಿಗೆ ಹೋದಾಗಲೆಲ್ಲ ತಾಈಯ ಬಳಿ ಐದು ನಿಮಿಷ ಹೆಚ್ಚು ನಿಲ್ಲತೊಡಗಿದಳು.

ಯುಗಾದಿಯ ದಿನ ನನ್ನಾಕೆ ಒಂದು ಸಂಗತಿ ಕಂಡುಹಿಡಿದಳು. ನಮ್ಮ ಹಬ್ಬದ ಎಲೆಯ ತುಂಬ ಳಕಾರವೇ! ಮೊದಲಿಗೆ ಬಾಳೆಲೆ. ಅದರ ಮೇಲೆ ಬೇಳೆ ಕೋಸಂಬರಿ, ಹುಳಿ, ತಿಳಿಸಾರು, ಹಪ್ಪಳ, ಬಾಳಕ, ಕೊನೆಗೆ ನೀರುಮಜ್ಜಿಗೆಯ ಮುಂಚೆ ಹೋಳಿಗೆ. ಳಕಾರ ತೆಗೆದರೆ ಹೋಳಿಗೆ ದರ್ಜಿಯ ಹೊಲಿಗೆಯಾದೀತು, ಹುಳಿ ಗರ್ಜಿಸೀತು. ಆ ದಿನ ಮಗಳಿಗೇ ಬಡಿಸಲು ಹೇಳಿದೆವು. ಹೆಸರು ಸರಿಯಾಗಿ ಕೂಗಿ ಬಡಿಸಬೇಕು, ತಪ್ಪಿದರೆ ನಾವು ‘ಬೇಡ’ ಎನ್ನುವುದು. ಹುಳಿ ಮೂರನೆಯ ಸಲಕ್ಕೆ ಎಲೆಗೆ ಬಿತ್ತು. ಹೋಳಿಗೆ ಮೊದಲ ಸಲವೇ ಬಂತು. ಆಸೆ ಇದ್ದಲ್ಲಿ ಉಚ್ಚಾರಣೆ ತಾನಾಗಿ ಬರುತ್ತದೆ.

ನಮ್ಮ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳಲ್ಲಿ ಅಕ್ಷರಮಾಲೆಯ ಕೊನೆಗೆ ಬರುವ ಳಕಾರವನ್ನು ಕೊನೆಗೇ ಬಿಡುವುದು ಬೇಡ. ಸಂಘದ ಹಬ್ಬದೂಟದಲ್ಲಿ ಒಂದು ಪಂಕ್ತಿಯನ್ನಾದರೂ ಮಕ್ಕಳೇ ಹೆಸರು ಕೂಗಿ ಬಡಿಸಲಿ. ಸ್ವಲ್ಪ ಹುಳಿ ನೆಲಕ್ಕೆ ಚೆಲ್ಲಬಹುದು, ಒರೆಸಿದರಾಯಿತು. ನಮ್ಮ ಮನೆಯ ಭಾನುವಾರದ ಫೋನು ಈಗ ಮತ್ತೆ ಹದಿನೈದು ನಿಮಿಷಕ್ಕೆ ಬಂದಿದೆ. ಕಳೆದ ವಾರ ಅಜ್ಜಿಯೇ ಮೊಮ್ಮಗಳಿಗೆ ಮಜ್ಜಿಗೆಹುಳಿಗೆ ಏನೇನು ರುಬ್ಬಬೇಕೆಂದು ಹೇಳಿಕೊಡುತ್ತಿದ್ದರು. ನಾನು ಫೋನಿಗಾಗಿ ಕೈ ಚಾಚಿ ನಿಂತೇ ಇದ್ದೆ, ಕೊಡಲಿಲ್ಲ.