ಹಿಡಿಸೂಡಿಯ ತಪ್ಪೇನು?

ಪೂರ್ತಿ ಕೆಟ್ಟುಹೋದ ವಸ್ತುವಿನಿಂದ ಮನೆಯಲ್ಲಿ ಅಷ್ಟೇನೂ ತೊಂದರೆಯಿಲ್ಲ. ಮಿಕ್ಸಿ ಸುಟ್ಟುಹೋದರೆ ರಿಪೇರಿಗೆ ಕೊಡುತ್ತೇವೆ, ಇಲ್ಲವೇ ಅಟ್ಟಕ್ಕೆ ಸೇರಿಸುತ್ತೇವೆ. ಒಮ್ಮೆ ಸರಿಯಿದ್ದು ಒಮ್ಮೆ ಕೈಕೊಡುವ ವಸ್ತುವೇ ಜೀವ ತಿನ್ನುವುದು. ರಿಪೇರಿಯವನು ಬಂದಾಗ ಅದು ಒಳ್ಳೆಯ ಮಗುವಿನ ಹಾಗೆ ಇರುತ್ತದೆ. ಅವನು ಗೇಟು ದಾಟಿದ ಕೂಡಲೇ ತನ್ನ ಬುದ್ಧಿ ತೋರಿಸುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಾರಣ ಕಣ್ಣಿಗೆ ಕಾಣದಿದ್ದಾಗ ನಾವು ಯಾರನ್ನಾದರೂ ಕಾರಣ ಮಾಡಿಬಿಡುತ್ತೇವೆ. ಆ 'ಯಾರಾದರೂ' ಹೆಚ್ಚಾಗಿ ತಿರುಗಿ ಮಾತಾಡಲಾರದವರೇ ಆಗಿರುತ್ತಾರೆ.

ಕೂಳೂರಿನ ನಮ್ಮ ಮನೆಯಲ್ಲಿ ಹೀಗಾದದ್ದು ಅಂಗೈಯಗಲದ ಒಂದು ಕಂಪ್ಯೂಟರಿನ ನೆಪದಲ್ಲಿ. ಅದರ ಹೆಸರು ರಾಸ್ಪ್‌ಬೆರಿ ಪೈ 4. ಒಂದೇ ಹಸಿರು ಹಲಗೆಯ ಮೇಲೆ ಇಡೀ ಕಂಪ್ಯೂಟರು. ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಜಿನವರು 2012ರಲ್ಲಿ ಇದರ ಮೊದಲ ಮಾದರಿಯನ್ನು ಮಾರಾಟಕ್ಕೆ ತಂದರು. ಅದನ್ನು ನಡೆಸುವುದು ಲಿನಕ್ಸ್. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗಲೇ, 1991ರಲ್ಲಿ, ಬರೆಯಲು ತೊಡಗಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟದ್ದು. ಮಗ ದುಬೈಗೆ ಹೋಗುವ ಮೊದಲು ನನ್ನ ಮಾವನವರ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅದರೊಳಗೆ ತುಂಬಿಸಿದ. ಇನ್ವರ್ಟರಿನ ಸಂಪರ್ಕ ಇದ್ದ ಮಹಡಿಯ ಕೋಣೆಯಲ್ಲಿ ಅದನ್ನು ಇಟ್ಟು ಹೋದ. ಮಾವನವರು ತೀರಿಕೊಂಡು ವರ್ಷಗಳಾದವು. ಅತ್ತೆಯ ಕಣ್ಣು ಮಂಜಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಕೆಳಗಿನ ಚಾವಡಿಯಲ್ಲಿ ಕುಳಿತು ಗಂಡನ ಅರ್ಥ ಕೇಳುವುದೇ ಅವರ ದಿನದ ಸುಖ.

ಕಳೆದ ಮಳೆಗಾಲದಲ್ಲಿ ಆ ಧ್ವನಿ ನಡುನಡುವೆ ಕಡಿಯತೊಡಗಿತು. 'ಕರ್ಣಭೇದನ'ದಲ್ಲಿ ಕೃಷ್ಣನಿಗೆ ಉತ್ತರ ಕೊಡುತ್ತಿದ್ದ ಕರ್ಣ ಅರ್ಧಕ್ಕೇ ಮೌನ. "ಅವರು ಎಲ್ಲಿಗೆ ಹೋದರು ಮಾರಾಯ್ತಿ?" ಎಂದು ಅತ್ತೆ ಕೇಳುವಾಗ ನನಗೆ ಉತ್ತರ ತೋಚುತ್ತಿರಲಿಲ್ಲ.

ನಮ್ಮವರ ತೀರ್ಪು ಆಗಿಹೋಗಿತ್ತು. ಕೆಲಸದವಳು ಗುಡಿಸುವಾಗ ಹಿಡಿಸೂಡಿ ತಾಗಿ ವಯರು ಸಡಿಲವಾಗಿದೆ, ಇನ್ನು ಅವಳು ಮಹಡಿಗೆ ಹತ್ತುವುದು ಬೇಡ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವುದು ಇದಕ್ಕೇ. ಅವಳು ಏನೂ ಹೇಳದೆ ಹಿಡಿಸೂಡಿಯನ್ನು ಮೂಲೆಗೆ ಒರಗಿಸಿದಳು. ನನಗೆ ಒಪ್ಪಿಗೆಯಾಗಲಿಲ್ಲ. ಭಾನುವಾರ ಅವಳಿಗೆ ರಜೆ. ಭಾನುವಾರವೂ ಧ್ವನಿ ಕಡಿದಿತ್ತು.

ಮಗನಿಗೆ ಫೋನು ಮಾಡಿದೆ. "ಅಮ್ಮಾ, ಊಹೆ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬರೆದಿಡು" ಎಂದ. ಇದನ್ನು ನಮಗೆ ಕಲಿಸಬೇಕೆ? ದೋಸೆ ಹಿಟ್ಟು ಹುಳಿ ಬಾರದಿದ್ದರೆ ಅಕ್ಕಿ, ಉದ್ದು, ಉಪ್ಪು ಮೂರನ್ನೂ ಒಂದೇ ದಿನ ಬದಲಿಸುವ ಹೆಂಗಸು ಯಾರಿದ್ದಾಳೆ? ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹೊಸ ಲೆಕ್ಕ ಶುರುವಾಯಿತು.

ಮೊದಲು ಕರೆಂಟು. ಈ ಪುಟ್ಟ ಹಲಗೆಗೆ ಐದು ವೋಲ್ಟು ತಪ್ಪದೆ ಸಿಗಬೇಕು. ಅದು ಸುಮಾರು 4.63ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ಆಮೇಲೆ ಯಾವ ಭಾಗ ಯಾವಾಗ ಸೋಲುತ್ತದೆಂದು ಹೇಳುವಂತಿಲ್ಲ. ಹಳೆಯ ಟಿವಿಗೆ ಜೋಡಿಸಿ ಕಾದು ನೋಡಿದೆ. ಮಿಂಚು ಕಾಣಲಿಲ್ಲ. ಮೂರು ಆಂಪಿಯರಿನ ಅಡಾಪ್ಟರು ನಿರಪರಾಧಿ.

ಎರಡನೆಯದು ಲಿನಕ್ಸಿನ ದಿನಚರಿ. ಕೀಲಿಮಣೆಯಲ್ಲಿ 'ಡಿಎಂಇಎಸ್‌ಜಿ' ಎಂದು ಒತ್ತಿ, ಮುಂದೆ ಒಂದು ಅಡ್ಡಗೆರೆ, ದೊಡ್ಡ 'ಟಿ' ಸೇರಿಸಿದರೆ ಯಂತ್ರ ಕಂಡದ್ದೆಲ್ಲ ಗಂಟೆ-ನಿಮಿಷದ ಸಮೇತ ಬರುತ್ತದೆ. 'ಲಿಂಕ್ ಈಸ್ ಡೌನ್', ಮತ್ತೆ 'ಲಿಂಕ್ ಈಸ್ ಅಪ್' ಎಂಬ ಸಾಲುಗಳು. ಹೆಚ್ಚಿನವು ಮಳೆ ಸುರಿದ ರಾತ್ರಿಗಳವು. ಒಂದು ಗಂಟೆಗೆ, ಮೂರು ಗಂಟೆಗೆ ಯಾವ ಹಿಡಿಸೂಡಿಯೂ ಎದ್ದಿರುವುದಿಲ್ಲ. ಪುಸ್ತಕವನ್ನು ನಮ್ಮವರ ಎದುರಿಗಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಮೂರನೆಯದು ತಂತಿ. ಮೋಡೆಮಿನಿಂದ ಕಂಪ್ಯೂಟರಿಗೆ ಬರುವ ಈ ತಂತಿಯ ಏರ್ಪಾಡಿಗೆ ಈಥರ್ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ಇಟ್ಟದ್ದು. ಬೆಳಕು ಸಾಗಲು ಲೋಕವನ್ನೆಲ್ಲ ತುಂಬಿದ 'ಈಥರ್' ಎಂಬುದೊಂದಿದೆ ಎಂದು ಹಿಂದೆ ವಿಜ್ಞಾನಿಗಳು ನಂಬಿದ್ದರಂತೆ, ಆ ಹೆಸರು ಇಲ್ಲಿ ಉಳಿಯಿತು. ತಂತಿಯೊಳಗೆ ಎಂಟು ಎಳೆಗಳು, ಎರಡೆರಡು ಹೊಸೆದು ನಾಲ್ಕು ಜೋಡಿ. ಸೆಕೆಂಡಿಗೆ ಸಾವಿರ ಮೆಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, ನೂರಕ್ಕೆ ಎರಡೇ ಸಾಕು. ನಮ್ಮ ಮೋಡೆಮೂ ಹಲಗೆಯೂ ಸಾವಿರದವು. 'ಈಥ್‌ಟೂಲ್' ಎಂಬ ಆಜ್ಞೆ ಕೊಟ್ಟಾಗ ನೂರು ಎಂದು ತೋರಿಸಿತು. ಎಲ್ಲೋ ಒಂದು ಎಳೆ ಸೋತಿರಬೇಕು.

ಹಲಗೆಯನ್ನು ಕೆಳಗೆ ತಂದು ಗೇಣುದ್ದದ ಬೇರೆ ತಂತಿಯಿಂದ ಮೋಡೆಮಿಗೆ ಜೋಡಿಸಿದೆ. ಸಾವಿರ ಬಂತು. ಮೂರು ದಿನ, ಸುರಿಮಳೆಯಲ್ಲೂ, ಒಮ್ಮೆಯೂ ಕಡಿಯಲಿಲ್ಲ. ಹಾಗಾದರೆ ದೋಷ ಮಹಡಿಗೆ ಹೋಗುವ ಉದ್ದದ ತಂತಿಯದು. ಅದನ್ನು ಎಳೆದವರು ಹೊರಗೋಡೆಯ ಮೇಲಿಂದ ತಂದು ಕಿಟಕಿಯ ಹತ್ತಿರ ಎರಡು ತುಂಡು ಜೋಡಿಸಿದ್ದರು. ಬಿಚ್ಚಿ ನೋಡಿದರೆ ಒಳಗೆ ಹಸಿರು ಕಿಲುಬು! ಒಂದು ಕಡೆ ಫಲ್ಗುಣಿ ಹೊಳೆ, ಪಡುವಲಲ್ಲಿ ಪಣಂಬೂರು, ತಣ್ಣೀರುಬಾವಿಯ ಕಡಲು. ಈ ಉಪ್ಪುಗಾಳಿಗೆ ಕಿಟಕಿಯ ಸರಳೇ ತುಕ್ಕು ಹಿಡಿಯುವಾಗ ಕಡ್ಡಿಗಿಂತ ಸಪೂರದ ತಾಮ್ರ ಯಾವ ಲೆಕ್ಕ? ಒಣಗಿದಾಗ ತಾಗುತ್ತದೆ, ಒದ್ದೆಯಾದಾಗ ಬಿಡುತ್ತದೆ. ಕೊಡಪಾನವಾದರೆ ಹುಣಸೆಹುಳಿ ಹಾಕಿ ತಿಕ್ಕಬಹುದಿತ್ತು. ಇದಕ್ಕೆ ಹೊಸ ತಂತಿಯೇ ಮದ್ದು.

ಈ ಸಲ ಮೆಟ್ಟಿಲಿನ ಬದಿಯಿಂದ, ಮನೆಯೊಳಗೇ, ನಡುವೆ ತುಂಡಿಲ್ಲದೆ ಎಳೆಸಿದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅಪ್ಪಟ ತಾಮ್ರದ್ದೇ ಬೇಕೆಂದು ಕೇಳಿ ತರಿಸಿದೆ. ತುದಿಯಲ್ಲಿ ಎಳೆಗಳನ್ನು ಸಾಲಾಗಿ ಇಡುವುದು ಹೂ ಕಟ್ಟಿದ ಹಾಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು. ಆವತ್ತಿನಿಂದ ಕರ್ಣ ತನ್ನ ಮಾತು ಮುಗಿಸಿಯೇ ಸುಮ್ಮನಾಗುತ್ತಾನೆ.

ಕೆಲಸದವಳಿಗೆ ಎಲ್ಲವನ್ನೂ ಹೇಳಿದೆ. "ನನಗೆ ಗೊತ್ತಿತ್ತಕ್ಕಾ" ಎಂದಳು, ಅಷ್ಟೇ. ಮಹಡಿಗೆ ಹತ್ತಿದವಳು ಆ ಮೇಜಿನ ಸುತ್ತ ಎರಡಡಿ ಜಾಗ ಬಿಟ್ಟು ಗುಡಿಸಿದಳು. ತಂತಿ ಬದಲಿಸಲು ಒಂದು ಮಧ್ಯಾಹ್ನ ಸಾಕಾಗಿತ್ತು. ಆ ಎರಡಡಿಯೊಳಗೆ ಅವಳ ಹಿಡಿಸೂಡಿ ಬರಲು ಒಂದು ತಿಂಗಳೇ ಹಿಡಿಯಿತು.