ಲಾರಿಯ ಬೆನ್ನ ಹಿಂದಿನ ಗಾಳಿ

ನಾಸಿಕದಿಂದ ನಿಫಾಡ್, ಯೇವಲಾ, ವೈಜಾಪುರಗಳ ಮೂಲಕ ಛತ್ರಪತಿ ಸಂಭಾಜಿನಗರಕ್ಕೆ ಸಾಗುವ ಹಳೆಯ ರಸ್ತೆಯಲ್ಲಿ ಈರುಳ್ಳಿಯ ಲಾರಿಗಳಿಗೆ ಬಿಡುವಿಲ್ಲ. ಸಮೃದ್ಧಿ ಮಹಾಮಾರ್ಗದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಮೋಟರ್‌ಸೈಕಲ್ಲಿನವರೂ ಈ ದಾರಿಯನ್ನೇ ಹಿಡಿಯಬೇಕು. ಎದುರಿನಿಂದ ತುಂಬಿದ ಲಾರಿಯೊಂದು ಹಾದುಹೋದಾಗ ಮೊದಲು ಗಾಳಿ ಹೊರಕ್ಕೆ ನೂಕುತ್ತದೆ, ಮರುಕ್ಷಣವೇ ಒಳಕ್ಕೆ ಸೆಳೆಯುತ್ತದೆ. ಹರಿವಿನ ಲೆಕ್ಕವನ್ನೇ ಕಸುಬಾಗಿಸಿಕೊಂಡ ನಮಗೆ ಆ ಸೆಳೆತದ ಮೇಲೆ ಕುತೂಹಲ ಹುಟ್ಟಿದ್ದು ಸಹಜ.

ಲಾರಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ ಎನ್ನುವುದು ರೂಢಿಯ ಮಾತು. ಮೊಂಡು ಮೂತಿಯ, ಚೌಕ ಬೆನ್ನಿನ ವಾಹನಕ್ಕೆ ಆ ಮಾತು ಸಲ್ಲದು. ಅದು ಗಾಳಿಯನ್ನು ತಳ್ಳುತ್ತದೆ. ತಳ್ಳಿಸಿಕೊಂಡ ಗಾಳಿ ಪಕ್ಕಗಳಲ್ಲಿ ಹರಿದು ಹಿಂಬದಿಯ ಚೂಪು ಅಂಚಿಗೆ ಬಂದಾಗ, ಥಟ್ಟನೆ ತಿರುಗಲಾರದೆ ಮೈಬಿಟ್ಟು ಹೋಗುತ್ತದೆ. ಉಳಿದ ತೆರವಿನಲ್ಲಿ ಒತ್ತಡ ಇಳಿದು ಸುಳಿಗಳೇಳುತ್ತವೆ. ಮುಂದಿನ ಹೆಚ್ಚಿನ ಒತ್ತಡಕ್ಕೂ ಹಿಂದಿನ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಲಾರಿಯನ್ನು ಹಿಂದಕ್ಕೆಳೆಯುವ ಗಾಳಿಯ ಬಲದ ಬಹುಪಾಲು. ಈ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. 9 ಚದರ ಮೀಟರ್ ಮುಖದ, 0.7 ಎಳೆತಾಂಕದ ಕಂಟೇನರ್ ಲಾರಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಯ ಪಾಲು ಸುಮಾರು 16 ಕಿಲೋವ್ಯಾಟ್; 80ರಲ್ಲಿ ಸುಮಾರು 38. ಕಸಾರಾ ಘಾಟಿಯನ್ನು ಹತ್ತುವಾಗ ಮಾತ್ರ ಗಾಳಿ ಲೆಕ್ಕಕ್ಕಿಲ್ಲ, ಅಲ್ಲಿ ಭಾರದ್ದೇ ದರ್ಬಾರು.

ಬೆನ್ನನ್ನು ಹಿಂದಕ್ಕೆ ತುಸು ಕಿರಿದಾಗಿಸಿದರೆ ಎಳೆತ ತಗ್ಗುತ್ತದೆಂಬುದು ಹಳೆಯ ತಿಳಿವಳಿಕೆ. ಆದರೆ ಲಾಸಲ್‌ಗಾಂವ್‌ನ ಮಂಡಿಯಲ್ಲಿ ಚೀಲ ತುಂಬುವವರಿಗೆ ಹಿಂಬಾಗಿಲು ಅಗಲವಾಗಿರಬೇಕು, ಈರುಳ್ಳಿಗೆ ಗಾಳಿಯಾಡಬೇಕು. ಟಾರ್ಪಾಲಿನ ಹೊದಿಕೆ ಓಟದಲ್ಲಿ ಉಬ್ಬಿ ಬಡಿದಾಡುವಾಗ ನಮ್ಮ ನುಣುಪಾದ ಮಾದರಿಗೂ ನಿಜವಾದ ಲಾರಿಗೂ ಸಂಬಂಧವೇ ತಪ್ಪುತ್ತದೆ.

ಹರಿವನ್ನು ಗಣಕದಲ್ಲಿ ಬಿಡಿಸುವ ಕೆಲಸಕ್ಕೆ ಕನ್ನಡನಾಡಿನ ನಂಟು ಹಳೆಯದು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ, ಬೆಂಗಳೂರಿನ ಎನ್.ಎ.ಎಲ್.ನಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಸಿದ್ಧವಾಯಿತು. ಹರಿವಿನ ಸಮೀಕರಣಗಳನ್ನು ಬಿಡಿಸುವುದೇ ಅದರ ಹೆಸರಿನ ಅರ್ಥ. (ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದವರೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.) ಇಂದು ಓಪನ್‌ಫೋಮ್‌ನಂಥ ಮುಕ್ತ ತಂತ್ರಾಂಶವನ್ನು ಮನೆಯ ಗಣಕದಲ್ಲೇ ಓಡಿಸಬಹುದು. ಲಾರಿಯ ಸುತ್ತಲಿನ ಅವಕಾಶವನ್ನು ಲಕ್ಷಾಂತರ ಪುಟ್ಟ ಕೋಣೆಗಳಾಗಿ ಹೆಚ್ಚಿ, ಪ್ರತಿ ಕೋಣೆಯಲ್ಲೂ ಗಾಳಿಯ ವೇಗ, ಒತ್ತಡಗಳನ್ನು ಲೆಕ್ಕಹಾಕಬೇಕು.

ನಮ್ಮ ತಕರಾರು ಇರುವುದು ಸರಾಸರಿಯ ಬಗ್ಗೆ. ಬೇಗ ಮುಗಿಯುವ ಲೆಕ್ಕ ಕಾಲದ ಏರಿಳಿತಗಳನ್ನೆಲ್ಲ ಸರಾಸರಿಯೊಳಗೆ ಕರಗಿಸುತ್ತದೆ. ಲಾರಿಯ ಬೆನ್ನಿಗೆ ಎರಡು ಶಾಂತವಾದ ಸುಳಿಗಳು ಜೋಡಿಯಾಗಿ ನಿಂತಂತೆ ಚಿತ್ರ ಬರುತ್ತದೆ. ಡೀಸೆಲ್ಲಿನ ಖರ್ಚನ್ನು ಅಂದಾಜಿಸಲು ಅಷ್ಟು ಸಾಕು. ಆದರೆ ಸುಳಿಗಳು ನಿಲ್ಲುವುದಿಲ್ಲ. ಸೆಕೆಂಡಿಗೆ ಒಂದೆರಡು ಸಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಕಳಚಿಕೊಂಡು ಹೋಗುತ್ತವೆ. ಮೋಟರ್‌ಸೈಕಲ್ ಸವಾರನ ಹ್ಯಾಂಡಲ್ ಅಲುಗಿಸುವುದು ಸರಾಸರಿ ಗಾಳಿಯಲ್ಲ, ಆ ಕ್ಷಣದ ಹೊಡೆತ. ಲಾರಿಯ ಮಾಲೀಕನಿಗೆ ಉತ್ತರ ಕೊಡುವ ಲೆಕ್ಕ, ಪಕ್ಕದಲ್ಲಿ ಸಾಗುವ ಬಡಪಾಯಿಯ ಪಾಲಿಗೆ ಮೂಕ.

ಅಮೆರಿಕದ ನಾಸಾದಲ್ಲಿ 1970ರ ದಶಕದಲ್ಲಿ ಲಾರಿಗಳ ಎಳೆತದ ಅಧ್ಯಯನ ಮೊಳೆತದ್ದೂ ಈ ಬಡಪಾಯಿಯಿಂದಲೇ. ಎಡ್ವಿನ್ ಸಾಲ್ಟ್ಜ್‌ಮನ್ ಎಂಬ ಎಂಜಿನಿಯರು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಲಾರಿಗಳ ನೂಕು, ಸೆಳೆತಗಳನ್ನು ಮೈಯಲ್ಲೇ ಅನುಭವಿಸಿ ಯೋಚನೆಗೆ ತೊಡಗಿದರು. ಅಲ್ಲಿಂದ ಹೊರಟ ಸಂಶೋಧನೆ ಲಾರಿಯ ಮೂಲೆಗಳನ್ನು ದುಂಡಾಗಿಸಿ ಇಂಧನ ಉಳಿಸಿತು. ಸೈಕಲ್ಲಿನವನ ವಿಚಾರ ಹಿಂದೆ ಬಿತ್ತು.

ಆದ್ದರಿಂದ ಸರಾಸರಿ ತೆಗೆಯದ, ದೀರ್ಘಕಾಲ ಹಿಡಿಯುವ ಲೆಕ್ಕವನ್ನೇ ಈಗ ಕೈಗೆತ್ತಿಕೊಂಡಿದ್ದೇವೆ. ಲಾರಿಯ ಪಕ್ಕದಲ್ಲಿ ಒಂದು ಮೋಟರ್‌ಸೈಕಲನ್ನೂ, ಅದರ ಹಿಂದಿನ ಸೀಟಿನಲ್ಲಿ ಒಬ್ಬರನ್ನೂ ಕೂರಿಸಿದ್ದೇವೆ. ಗಣಕ ಮೂರು ರಾತ್ರಿಗಳಿಂದ ಓಡುತ್ತಿದೆ; ರಸ್ತೆಯ ಕಾಲಮಾನದಲ್ಲಿ ಇನ್ನೂ ಎರಡನೆಯ ಸೆಕೆಂಡು ಮುಗಿದಿಲ್ಲ.